ಹೊಲದ ನಡುವಿನ ನಿಲ್ದಾಣ ಊರಾಗುವುದು ಯಾವಾಗ?

ಪ್ರಶ್ನೆ: ಚೆನ್ನೈ–ಬೆಂಗಳೂರು–ಮೈಸೂರು ಅತಿವೇಗದ ರೈಲು ಮಾರ್ಗದ ಪ್ರಸ್ತಾವ ಆಗಾಗ ಸುದ್ದಿಯಾಗುತ್ತಿರುತ್ತದೆ. ಇಂಥ ನಿಲ್ದಾಣಗಳನ್ನು ಊರಿನಿಂದ ದೂರ, ಹೊಲಗದ್ದೆಗಳ ನಡುವೆ ಕಟ್ಟುತ್ತಾರೆಂದು ಕೇಳಿದ್ದೇನೆ. ಅಲ್ಲಿ ಊರು ತಾನಾಗಿಯೇ ಬೆಳೆಯುತ್ತದೆಯೇ?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ತಾನಾಗಿಯೇ ಬೆಳೆದ ನಿದರ್ಶನಗಳು ವಿರಳ. ನಿಲ್ದಾಣವನ್ನು ಊರಾಚೆಗೆ ತಳ್ಳುವುದು ಮುಖ್ಯವಾಗಿ ಹಳಿಯ ತಿರುವು. 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಆರಂಭವಾದ ಜಪಾನಿನ ಮೊದಲ ಶಿಂಕಾನ್‌ಸೆನ್ (ಬುಲೆಟ್ ರೈಲು) ಮಾರ್ಗವನ್ನು ರೂಪಿಸುವಾಗಲೇ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 2,500 ಮೀಟರಿಗೆ ಕಡಿಮೆಯಾಗಬಾರದೆಂದು ನಿಗದಿಪಡಿಸಿದ್ದರು. ವೇಗ ಹೆಚ್ಚಿದಂತೆ ತಿರುವು ಇನ್ನಷ್ಟು ಹಿಗ್ಗಬೇಕಾಗುತ್ತದೆ. ಅಂಥ ಹಳಿಯನ್ನು ಹಳೆಯ ಪೇಟೆಯೊಳಗೆ ಹಾಯಿಸಬೇಕೆಂದರೆ ಸುರಂಗ ಕೊರೆಯಬೇಕು, ಇಲ್ಲವೇ ಮನೆಗಳನ್ನು ಕೆಡವಬೇಕು.

ಆ ಮೊದಲ ಮಾರ್ಗದ ಶಿನ್-ಯೊಕೊಹಾಮಾ ನಿಲ್ದಾಣವನ್ನೇ ನೋಡಿ. ಯೊಕೊಹಾಮಾ ನಗರದ ಮುಖ್ಯ ನಿಲ್ದಾಣದಿಂದ ದೂರದಲ್ಲಿ, ಹೊಲಗದ್ದೆಗಳಿದ್ದ ಜಾಗದಲ್ಲಿ ಅದನ್ನು ಕಟ್ಟಿದರು. ಆದರೆ ಹಳೆಯ ಯೊಕೊಹಾಮಾ ಲೈನ್ ಹಾದುಹೋಗುವ ಸ್ಥಳವನ್ನೇ ಆರಿಸಿಕೊಂಡಿದ್ದರಿಂದ ನಗರದೊಂದಿಗಿನ ನಂಟು ಮೊದಲ ದಿನದಿಂದಲೇ ಇತ್ತು. ಹಾಗಿದ್ದೂ ಅದು ಬೇಗನೆ ಬೆಳೆಯಲಿಲ್ಲ. ಆರಂಭದಲ್ಲಿ ಅಲ್ಲಿ ನಿಲ್ಲುತ್ತಿದ್ದುದು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಕೊಡಾಮಾ ರೈಲುಗಳು ಮಾತ್ರ. ವೇಗದ ಹಿಕಾರಿ ರೈಲುಗಳು 1976ರಲ್ಲಿ ನಿಲ್ಲತೊಡಗಿದವು, ನಗರದ ಮೆಟ್ರೊ 1985ರಲ್ಲಿ ಬಂತು, 2008ರಿಂದ ಅತಿವೇಗದ ನೊಝೊಮಿ ರೈಲುಗಳೆಲ್ಲವೂ ನಿಲ್ಲುತ್ತಿವೆ.

ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಒಂದೇ ನಿಲ್ದಾಣದ ಎರಡು ಬದಿಗಳು ಎರಡು ಬೇರೆ ಊರುಗಳಂತೆ ಕಾಣುತ್ತವೆ. ಉತ್ತರದ ಬದಿಯಲ್ಲಿ ರೈತರ ತುಂಡು ಜಮೀನುಗಳನ್ನು ಒಟ್ಟುಗೂಡಿಸಿ, ರಸ್ತೆಗಳಿಗೆ ಜಾಗ ಬಿಟ್ಟು, ಮರುವಿಂಗಡಣೆ ಮಾಡಿದ್ದರಿಂದ ಅಲ್ಲಿ ಇಂದು ಕಚೇರಿಗಳು, ಹೋಟೆಲುಗಳು, ದೊಡ್ಡ ಕ್ರೀಡಾಂಗಣ ಎಲ್ಲವೂ ಇವೆ. ನಿವಾಸಿಗಳು ಒಪ್ಪದ ಕಾರಣ ಅಂಥ ಯೋಜನೆ ನಡೆಯದೆ ಹೋದ ದಕ್ಷಿಣದ ಬದಿಯಲ್ಲಿ ಕಿರುದಾರಿಗಳು, ಹಳೆಯ ಮನೆಗಳು, ಅಲ್ಲಲ್ಲಿ ಹೊಲಗಳು ಬಹುಕಾಲ ಹಾಗೆಯೇ ಉಳಿದವು. ರೈಲು ಎರಡೂ ಬದಿಗೆ ಒಂದೇ. ವ್ಯತ್ಯಾಸ ನೆಲದ ಯೋಜನೆಯಲ್ಲಿತ್ತು. ದಕ್ಷಿಣದವರು ಸೋತರೆಂದು ಹೇಳಲು ಮಾತ್ರ ನನಗೆ ಮನಸ್ಸಿಲ್ಲ. ಅವರಿಗೆ ಬೇಕಾಗಿದ್ದುದು ಬಹುಶಃ ಅದೇ.

ಫ್ರಾನ್ಸಿನಲ್ಲಿ ಆಮಿಯಾಂ ಮತ್ತು ಸೇಂಟ್ ಕ್ವೆಂಟಿನ್ ಪಟ್ಟಣಗಳ ನಡುವೆ 1994ರಲ್ಲಿ ತೆರೆದ ಓತ್-ಪಿಕಾರ್ಡಿ ನಿಲ್ದಾಣಕ್ಕೆ ಜನ ಇಟ್ಟ ಅಡ್ಡಹೆಸರು ‘ಬೀಟ್‌ರೂಟ್ ನಿಲ್ದಾಣ’. ಸುತ್ತಲೂ ಬೀಟ್ ಹೊಲಗಳು, ಸಾಮಾನ್ಯ ರೈಲಿನ ಸಂಪರ್ಕವಿಲ್ಲ, ಬಸ್ಸು ಅಥವಾ ಕಾರೇ ಗತಿ. ಅದೇ ಮಾರ್ಗದ ಲಿಲ್ ನಗರದಲ್ಲಿ ಮೇಯರ್ ಪಿಯೆರ್ ಮೊರುವಾ ಹಳಿ ನಗರದ ಮಧ್ಯದಲ್ಲೇ ಬರಬೇಕೆಂದು ಪಟ್ಟುಹಿಡಿದರು. ಹಳೆಯ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹೊಸ ನಿಲ್ದಾಣ ಎದ್ದಿತು.

ನಮ್ಮಲ್ಲಿ 508 ಕಿ.ಮೀ. ಉದ್ದದ ಮುಂಬೈ–ಅಹಮದಾಬಾದ್ ಮಾರ್ಗದ 12 ನಿಲ್ದಾಣಗಳಲ್ಲಿ ವಡೋದರ, ಅಹಮದಾಬಾದ್, ಸಾಬರಮತಿಯವು ಹಳೆಯ ರೈಲು ನಿಲ್ದಾಣಗಳಿಗೆ ಅಂಟಿಕೊಂಡಿವೆ. ಸೂರತ್‌ನದು ನಗರದ ಹೊರಗೆ, ಅಂತ್ರೋಲಿಯಲ್ಲಿದೆ. ಸಂಪರ್ಕವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವವರಿಗೆ ದೇವನಹಳ್ಳಿಯನ್ನು ನೆನಪಿಸಬೇಕು: ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ, ಅದರ ಪಕ್ಕದ ಹಾಲ್ಟ್ ನಿಲ್ದಾಣದಲ್ಲಿ ರೈಲು ನಿಂತದ್ದು 2021ರಲ್ಲಿ.

ಪ್ರಶ್ನೆ: ಮೇಲಿನಂಥ ಜಮೀನು ಮರುವಿಂಗಡಣೆ ಕರ್ನಾಟಕದಲ್ಲಿ ಸಾಧ್ಯವೇ?
– ಅದೇ ಓದುಗರು

ಉತ್ತರ: ಕಾನೂನಿನಲ್ಲಿ ಅವಕಾಶವಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿ ನಗರ ಯೋಜನಾ ಸ್ಕೀಮುಗಳ ಅಧ್ಯಾಯವೇ ಇದೆ. ಆದರೆ ಈ ಕ್ರಮವನ್ನು ವ್ಯಾಪಕವಾಗಿ ರೂಢಿಗೆ ತಂದದ್ದು ಗುಜರಾತ್. ಅಲ್ಲಿ 1976ರ ಕಾಯ್ದೆಯಡಿ ಮಾಲೀಕರ ಜಮೀನಿನ ಒಂದು ಪಾಲನ್ನು ರಸ್ತೆ, ಉದ್ಯಾನ, ಶಾಲೆಗಳಿಗೆ ತೆಗೆದುಕೊಂಡು, ಉಳಿದದ್ದನ್ನು ರಸ್ತೆಗೆ ಹೊಂದಿದ ನಿವೇಶನವಾಗಿ ಅವರಿಗೇ ಮರಳಿಸುತ್ತಾರೆ. ಇದನ್ನು ನಿಲ್ದಾಣದ ಜಾಗ ಗೊತ್ತಾಗಿ ದಲ್ಲಾಳಿಗಳು ಊರೊಳಗೆ ಓಡಾಡತೊಡಗುವ ಮೊದಲೇ ಆರಂಭಿಸಬೇಕು. ಇನ್ನೊಂದು ತೊಡಕೂ ಇದೆ: ನಿವೇಶನ ಮರಳುವುದು ಪಹಣಿಯಲ್ಲಿ ಹೆಸರಿರುವವರಿಗೆ ಮಾತ್ರ; ಅದೇ ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಮಾಡುತ್ತಿದ್ದವರಿಗೂ ಕೂಲಿ ಮಾಡುತ್ತಿದ್ದವರಿಗೂ ಏನು ಸಿಗಬೇಕೆಂಬುದನ್ನು ಯೋಜನೆಯಲ್ಲಿಯೇ ಪ್ರತ್ಯೇಕವಾಗಿ ಬರೆಸಬೇಕಾಗುತ್ತದೆ.