ಒಂದೇ ಶಾಲೆ, ಎರಡು ಪಿಂಚಣಿ

ಮಳವಳ್ಳಿ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ಪತ್ರ: ‘ನಾನೂ ನನ್ನ ಸಹೋದ್ಯೋಗಿಯೂ 2007ರಲ್ಲಿ ಕೆಲಸಕ್ಕೆ ಸೇರಿದವರು. ಅವರಿಗೀಗ ಹಳೆ ಪಿಂಚಣಿ (ಓಪಿಎಸ್), ನನಗೆ ಹೊಸ ಪಿಂಚಣಿ (ಎನ್‌ಪಿಎಸ್). ಇದ್ಯಾವ ನ್ಯಾಯ? ಎಲ್ಲರಿಗೂ ಓಪಿಎಸ್ ಬಂದೇ ಬರುತ್ತದೆ ಅನ್ನುತ್ತಾರೆ ಸಂಘದವರು, ನಂಬಬಹುದೇ? ನನ್ನ ಹೆಂಡತಿ ಅನುದಾನಿತ ಪ್ರೌಢಶಾಲೆಗೆ 2009ರಲ್ಲಿ ಸೇರಿದಳು, ಅವಳಿಗೆ ಎರಡೂ ಇಲ್ಲ.’

ಮೇಷ್ಟ್ರೇ, ನೀವು ಸೇರಿದ ತಾರೀಖನ್ನು ನೋಡುತ್ತಿದ್ದೀರಿ. ಸರ್ಕಾರ ನೋಡಿದ್ದು ಅಧಿಸೂಚನೆಯ ತಾರೀಖನ್ನು. ರಾಜ್ಯದಲ್ಲಿ 1-4-2006ರಿಂದ ಸೇರಿದವರೆಲ್ಲ ಎನ್‌ಪಿಎಸ್‌ಗೆ, ಅಂದರೆ ನೌಕರರೂ ಸರ್ಕಾರವೂ ತಿಂಗಳು ತಿಂಗಳು ವಂತಿಗೆ ಕಟ್ಟಿ ನಿವೃತ್ತಿಗೆ ಗಂಟು ಕೂಡಿಸುವ ಯೋಜನೆಗೆ ಬಂದರು. 2024ರ ಜನವರಿಯ ಆದೇಶ ಒಂದು ವಿನಾಯಿತಿ ಕೊಟ್ಟಿತು: ನೇಮಕಾತಿ ಅಧಿಸೂಚನೆ ಆ ತಾರೀಖಿಗಿಂತ ಮುಂಚೆ ಹೊರಟು, ನೇಮಕ ಮಾತ್ರ ತಡವಾಗಿದ್ದರೆ ಅಂಥವರು ಹಳೆ ಪಿಂಚಣಿಗೆ ಹೋಗಬಹುದು. ಸುಮಾರು 13 ಸಾವಿರ ನೌಕರರಿಗೆ ಇದರಿಂದ ಅನುಕೂಲ ಎಂದು ಸರ್ಕಾರವೇ ಹೇಳಿತ್ತು. ನಿಮ್ಮ ಸಹೋದ್ಯೋಗಿ ಆ ಪೈಕಿ ಇರಬೇಕು. ನೀವು ಯಾವ ಅಧಿಸೂಚನೆಯಲ್ಲಿ ಆಯ್ಕೆಯಾದಿರಿ ಎಂಬುದು ನೇಮಕಾತಿ ಆದೇಶದ ‘ಉಲ್ಲೇಖ’ದಲ್ಲಿರುತ್ತದೆ. ಮೊದಲು ಅದನ್ನು ತೆಗೆದು ನೋಡಿ.

ಇನ್ನು ಲೆಕ್ಕ. ನಿವೃತ್ತಿ ವೇಳೆಗೆ ನಿಮ್ಮ ಮೂಲವೇತನ 60 ಸಾವಿರ ಎಂದಿಟ್ಟುಕೊಳ್ಳಿ. 30 ವರ್ಷ ಸೇವೆಯಾಗಿದ್ದರೆ ಹಳೆ ಪಿಂಚಣಿ ಅದರ ಅರ್ಧ, 30 ಸಾವಿರ. ಆದರೆ ನಮ್ಮ ಮೇಷ್ಟ್ರುಗಳಲ್ಲಿ ಎಷ್ಟೋ ಜನ ತಡವಾಗಿ ಸೇರಿದವರು. 35ಕ್ಕೆ ಸೇರಿದ್ದರೆ ಸೇವೆ 25 ವರ್ಷ. ಪಿಂಚಣಿ 25 ಸಾವಿರಕ್ಕಿಳಿಯುತ್ತದೆ. ಎನ್‌ಪಿಎಸ್‌ನಲ್ಲಿ ಗಂಟು 50 ಲಕ್ಷವಾಗಿದ್ದರೆ ಕನಿಷ್ಠ ಶೇ 40ರಷ್ಟು, ಅಂದರೆ 20 ಲಕ್ಷವನ್ನು ವರ್ಷಾಶನಕ್ಕೆ (ಬದುಕಿರುವವರೆಗೂ ನಿಗದಿತ ಹಣ ಕೊಡುವ ವಿಮಾ ಯೋಜನೆಗೆ) ಹಾಕಲೇಬೇಕು. ಶೇ 6ರ ದರ ಸಿಕ್ಕರೆ ತಿಂಗಳಿಗೆ 10 ಸಾವಿರ. ಉಳಿದ 30 ಲಕ್ಷವನ್ನೂ ಅದೇ ದರದಲ್ಲಿ ಇಟ್ಟರೆ 15 ಸಾವಿರ. ಅಲ್ಲಿಗೆ ತುಟ್ಟಿಭತ್ಯೆ ಬಿಟ್ಟರೆ ಮೊದಲ ತಿಂಗಳು ಎರಡೂ 25 ಸಾವಿರವೇ! ವೇದಿಕೆ ಮೇಲೆ ಆ 10 ಸಾವಿರವನ್ನಷ್ಟೇ ಎತ್ತಿ ತೋರಿಸುವವರು ಇದನ್ನು ಹೇಳುವುದಿಲ್ಲ. ಹೊಡೆತ ಬೀಳುವುದು ಆಮೇಲೆ. ಹಳೆ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ವೇತನ ಆಯೋಗ ಬಂದಾಗ ಪರಿಷ್ಕರಣೆಯಾಗುತ್ತದೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗ ಕನಿಷ್ಠ ಪಿಂಚಣಿ 8,500ರಿಂದ 13,500 ರೂಪಾಯಿಗೆ ಏರಿತು. ವರ್ಷಾಶನದ 10 ಸಾವಿರ ಮಾತ್ರ ಎಂಬತ್ತರ ವಯಸ್ಸಿಗೂ 10 ಸಾವಿರವೇ.

ಸಂಘದವರ ಭರವಸೆಯನ್ನು ನಾವು ಅರ್ಧ ನಂಬುತ್ತೇವೆ. ರಾಜಸ್ಥಾನ, ಹಿಮಾಚಲ ಪ್ರದೇಶಗಳು ಹಳೆ ಪಿಂಚಣಿಗೆ ಮರಳುವುದಾಗಿ ಸಾರಿದವು. ಆದರೆ ಎನ್‌ಪಿಎಸ್‌ನಲ್ಲಿ ಜಮೆಯಾದ ಹಣ ವಾಪಸ್ ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಕೇಂದ್ರ ಕೈಚೆಲ್ಲಿತು. ಇನ್ನೊಂದು ವಿಚಿತ್ರವಿದೆ. ಸರ್ಕಾರ ನಿಮ್ಮ ಖಾತೆಗೆ ಈಗ ತಿಂಗಳು ತಿಂಗಳು ಶೇ 14 ವಂತಿಗೆ ಕಟ್ಟುತ್ತಿದೆ. ಓಪಿಎಸ್‌ಗೆ ಮರಳಿದರೆ ನಾಳೆಯಿಂದಲೇ ಆ ಖರ್ಚು ಉಳಿಯುತ್ತದೆ. 2006ರ ನಂತರ ಸೇರಿದವರ ದೊಡ್ಡ ತಂಡ ನಿವೃತ್ತಿಯಾಗುವಾಗ, 2035ರಾಚೆ, ಬಿಲ್ಲು ಬರುತ್ತದೆ. ಅಂದು ಕುರ್ಚಿಯಲ್ಲಿರುವವರು ಬೇರೆಯವರು. ಹಾಗಾಗಿ ಯಾವ ಪಕ್ಷಕ್ಕಾದರೂ ಘೋಷಣೆ ಸುಲಭ. ಕೇಳಬೇಕಾದದ್ದು ನಿಧಿ ಎಲ್ಲಿಡುತ್ತೀರಿ ಅಂತ.

ಅಲ್ಲಿಯವರೆಗೆ ನಿಮ್ಮ ಪ್ರಾನ್ (ಎನ್‌ಪಿಎಸ್‌ನ ಕಾಯಂ ಖಾತೆ ಸಂಖ್ಯೆ) ಖಾತೆಯ ಲೆಕ್ಕಪಟ್ಟಿಯನ್ನು ಸಂಬಳ ಚೀಟಿಯ ಜೊತೆ ತಿಂಗಳವಾರು ತಾಳೆ ನೋಡಿ: ನಿಮ್ಮ ಶೇ 10, ಸರ್ಕಾರದ ಶೇ 14, ಎರಡೂ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿಸಿದ ಮೊತ್ತದ ಮೇಲೆ. ಹೆಚ್ಚಾಗಿ ತಪ್ಪುವುದು ಮೂರು ಕಡೆ: ಸೇವೆಯ ಮೊದಮೊದಲ ವರ್ಷಗಳ ಹಿಂಬಾಕಿ ವಂತಿಗೆ, ವರ್ಗಾವಣೆಯಾದ ತಿಂಗಳು, ತುಟ್ಟಿಭತ್ಯೆ ಬಾಕಿ ಬಂದ ತಿಂಗಳು. ಖಾಲಿ ತಿಂಗಳು ಕಂಡರೆ ಬಿಇಒ ಕಚೇರಿಗೆ ಬಾಯಿಮಾತಲ್ಲಿ ಹೇಳಬೇಡಿ. ತಿಂಗಳು, ಮೊತ್ತ ನಮೂದಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜಮೆಯಾಗದ ಹಣಕ್ಕೆ ಬೆಳವಣಿಗೆಯೂ ಇಲ್ಲ; ಹತ್ತು ವರ್ಷ ಬಿಟ್ಟು ಅಸಲು ಬಂದರೆ ಅರ್ಧ ನಷ್ಟ. ನಾಮನಿರ್ದೇಶನವನ್ನೂ ನೋಡಿ, ಮದುವೆಗೆ ಮುಂಚೆ ಬರೆಸಿದ ತಂದೆಯ ಹೆಸರೇ ಉಳಿದಿರುವುದುಂಟು.

ನಿಮ್ಮ ಮನೆಯವರ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಅನುದಾನಿತ ಶಾಲೆಗಳಿಗೆ 2006ರ ನಂತರ ಬಂದವರಿಗೆ ಸರ್ಕಾರ ಸಂಬಳ ಕೊಡುತ್ತದೆ, ಎನ್‌ಪಿಎಸ್ ಪಾಲನ್ನು ಆಡಳಿತ ಮಂಡಳಿ ಭರಿಸಲಿ ಅನ್ನುತ್ತದೆ. ಹಳ್ಳಿ ಕಡೆಯ ಮಂಡಳಿಗಳಿಗೆ ಆ ಶಕ್ತಿ ಎಲ್ಲಿದೆ? ನಿಮ್ಮ ಮನೆಯವರು ಸ್ವಂತಕ್ಕೆ ಎನ್‌ಪಿಎಸ್ ಖಾತೆ ತೆರೆಯಬಹುದು, ಈ ವರ್ಷವೇ. ಅವರ ನೇಮಕಕ್ಕೆ ಇಲಾಖೆ ಅನುಮೋದನೆ ಕೊಟ್ಟ ಪತ್ರದ ತಾರೀಖು ಯಾವುದು ಎಂದು ನೀವು ಬರೆದಿಲ್ಲ. ಅದರ ಜೆರಾಕ್ಸ್ ಪ್ರತಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಪ್ರತ್ಯೇಕವಾಗಿ ಉತ್ತರಿಸುತ್ತೇವೆ.

— ಸಂಪಾದಕ