ತಬಲಾ ಬದಲಾಯಿಸಿದ ಹಾಡು

ಸುರೇಶ್ (ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯಿದೆ) ನಲವತ್ತೇಳು ವಯಸ್ಸಿನವರು. ಧಾರವಾಡ ಸೀಮೆಯ ಒಂದು ತಾಲ್ಲೂಕು ಊರು ಅವರದು. ಈಗ ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಆಪ್ತಸಮಾಲೋಚನೆಗೆಂದು ನನ್ನೊಂದಿಗೆ ವಿಡಿಯೊ ಕರೆಯಲ್ಲಿ ಮೊದಲ ಸಲ ಮಾತಿಗೆ ಕೂತಾಗ ಅವರು ಹೇಳಿಕೊಂಡದ್ದು ನಿದ್ದೆಯ ತೊಂದರೆ. ನಡುರಾತ್ರಿ ಎಚ್ಚರವಾಗುತ್ತದೆ, ಎದ್ದು ಗೆಳೆಯರ ವಾಟ್ಸ್‌ಆ್ಯಪ್ ಗುಂಪು ನೋಡುತ್ತಾರೆ, ಅಲ್ಲಿ ಯಾರೂ ಏನೂ ಬರೆದಿರುವುದಿಲ್ಲ. ಮತ್ತೆ ನಿದ್ದೆ ಹತ್ತುವುದಿಲ್ಲ.

ಆ ಗುಂಪಿನಲ್ಲಿರುವವರು ಕಾಲೇಜು ದಿನಗಳಲ್ಲಿ ಜೊತೆಗೆ ಹಾಡು ಕಟ್ಟಿದವರು. ಒಬ್ಬರು ಪದ ಬರೆಯುತ್ತಿದ್ದರು, ಒಬ್ಬರು ಪೇಟಿ (ಹಾರ್ಮೋನಿಯಂ), ಒಬ್ಬರು ತಬಲಾ, ಸುರೇಶ್ ಹಾಡುಗಾರ. ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ, ಗಣೇಶನ ಹಬ್ಬದ ಪೆಂಡಾಲಿನಲ್ಲಿ ಹಾಡಿದ್ದು ಬಿಟ್ಟರೆ ಆ ಹಾಡುಗಳು ಎಲ್ಲಿಯೂ ದಾಖಲಾಗಿರಲಿಲ್ಲ. ಕಳೆದ ಜೂನ್‌ನಲ್ಲಿ ಮಕ್ಕಳ ಬೇಸಿಗೆ ರಜೆಗೆ ಊರಿಗೆ ಬಂದಾಗ ಅವನ್ನೆಲ್ಲ ರೆಕಾರ್ಡ್ ಮಾಡಬೇಕೆಂದು ಸುರೇಶ್ ಹಟ ಹಿಡಿದರು. ಪೇಟಿಯವರ ಮನೆಯ ಅಟ್ಟದ ಕೋಣೆ. ಗೋಡೆಗೆ ಬಡಿದು ದನಿ ಮರಳದಂತೆ ಕಿಟಕಿ ಬಾಗಿಲಿಗೆಲ್ಲ ಕೌದಿ ಇಳಿಬಿಟ್ಟಿದ್ದರು. ಸದ್ದಾಗುತ್ತದೆಂದು ಫ್ಯಾನ್ ಬಂದ್. ಮೊಬೈಲನ್ನು ಸ್ಟೂಲಿನ ಮೇಲಿಟ್ಟು ಸುತ್ತ ಕೂತು ಹಾಡಿದರು. ಕೆಳಗಡೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಸುರೇಶ್ ನಿಲ್ಲಿಸಿ ಮೊದಲಿಂದ ಶುರು ಮಾಡಿಸುತ್ತಿದ್ದರು.

ಹಳೆಯ ಹಾಡುಗಳನ್ನು ಅವರು ಇಪ್ಪತ್ತರ ವಯಸ್ಸಿನಲ್ಲಿ ಕಪ್ಪು ಎರಡರಲ್ಲಿ, ಅಂದರೆ ಪೇಟಿಯ ಎರಡನೇ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡ ಎತ್ತರದ ಪಟ್ಟಿಯಲ್ಲಿ (ಶ್ರುತಿಯಲ್ಲಿ), ಹಾಡುತ್ತಿದ್ದರಂತೆ. ಈಗ ಮೇಲಿನ ಷಡ್ಜ ಮುಟ್ಟುವಾಗ ಗಂಟಲು ಬಿಗಿಯುತ್ತದೆ. “ಪಟ್ಟಿ ಇಳಸೋಣಲೇ, ಈ ವಯಸ್ಸಿನಾಗ ಅಷ್ಟ ಎತ್ತರ ಯಾಕ?” ಎಂದು ಪೇಟಿಯವರು ಹೇಳಿದರು. ಸುರೇಶ್ ಒಪ್ಪಲಿಲ್ಲ. ಆಗ ಹೇಗಿತ್ತೋ ಹಾಗೇ ಆಗಬೇಕು.

ತಬಲಾ ಬಾರಿಸುವವರಿಗೆ ಬೀಜ-ಗೊಬ್ಬರದ ಅಂಗಡಿಯಿದೆ. ಜೂನ್ ಎಂದರೆ ಬಿತ್ತನೆಯ ಹಂಗಾಮು, ವರ್ಷದ ವ್ಯಾಪಾರವೆಲ್ಲ ಆ ಕೆಲವೇ ವಾರಗಳಲ್ಲಿ. ಅವರು ಅಂಗಡಿ ಮುಚ್ಚಿ ಬಂದು ಕೂತಿದ್ದರು. ವರ್ಷಗಟ್ಟಲೆ ತಬಲಾ ಮುಟ್ಟಿರದ ಕೈ, ಹಾಡು ಮುಗಿಯುವಷ್ಟರಲ್ಲಿ ಲಯ ಓಡಿರುತ್ತಿತ್ತು. ಸುರೇಶ್‌ಗೆ ಅದು ಸರಿಬರಲಿಲ್ಲ. ಆದರೆ ಅಲ್ಲಿ ಬಾಯಿಬಿಟ್ಟು ಹೇಳಲೂ ಇಲ್ಲ. ಟೆಕ್ಸಾಸ್‌ಗೆ ಮರಳಿದ ಮೇಲೆ, ಒಂದೇ ರೆಕಾರ್ಡಿಂಗ್‌ನಿಂದ ದನಿಯನ್ನೂ ವಾದ್ಯಗಳನ್ನೂ ಬೇರ್ಪಡಿಸುವ ತಂತ್ರಾಂಶ ಬಳಸಿ ತಬಲಾ ತೆಗೆದರು. ಬೆಂಗಳೂರಿನ ವೃತ್ತಿಪರ ಕಲಾವಿದರೊಬ್ಬರಿಗೆ ದುಡ್ಡು ಕೊಟ್ಟು ಬೇರೆ ತಬಲಾ ಕೂಡಿಸಿದರು. ಯೂಟ್ಯೂಬ್‌ಗೆ ಹಾಕಿ ಗುಂಪಿನಲ್ಲಿ ಕೊಂಡಿ ಹಂಚಿದರು.

ತಬಲಾದವರು ಫೋನ್ ಮಾಡಿ ಹೇಳಿದ್ದು ಇಷ್ಟು: “ಅಲ್ಲೋ, ನನ್ನ ಕೈ ಬ್ಯಾಡಾಗಿತ್ತಂದ್ರ ಅಲ್ಲೇ ಹೇಳಬೇಕಿತ್ತು. ಅಂಗಡಿ ಮುಚ್ಚಿ ಯಾಕ ಬರತಿದ್ನಿ ನಾ?”

ಮೊದಲ ಭೇಟಿಯ ಬಹುಪಾಲು ಸುರೇಶ್ ಲಯದ ಬಗ್ಗೆಯೇ ಮಾತಾಡಿದರು. ಹಾಡು ಚೆನ್ನಾಗಿ ಬರಲೆಂದೇ ಮಾಡಿದ್ದು, ನಾಲ್ಕೂ ಜನರ ಹೆಸರಿಗೆ ಒಳ್ಳೆಯದಲ್ಲವೇ ಎಂದರು. ನಾನು ವಾದಕ್ಕೆ ಇಳಿಯಲಿಲ್ಲ. ಈ ಹಾಡು ಇಷ್ಟು ಚೊಕ್ಕವಾಗಿ ಬರಬೇಕೆಂದು ನಿಮಗೇಕೆ ಅಷ್ಟು ತವಕ, ಯಾರಿಗೆ ಕೇಳಿಸಬೇಕಿತ್ತು ಎಂದು ಕೇಳಿದೆ. ಆಗ ಅವರು ಪದ ಬರೆದ ಗೆಳೆಯನ ಮಾತು ತೆಗೆದರು. ಅಲ್ಲಿಯವರೆಗೆ ಆ ಗೆಳೆಯ ಈಗಿಲ್ಲ ಎಂಬುದನ್ನೇ ಹೇಳಿರಲಿಲ್ಲ.

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಆ ತಿಂಗಳ 4ರಿಂದ ಭಾರತದಿಂದ ಬರುವವರಿಗೆ ಅಮೆರಿಕ ನಿರ್ಬಂಧ ಹೇರಿತ್ತು. ಕೆಲಸದ ವೀಸಾದಲ್ಲಿದ್ದವರು ಊರಿಗೆ ಹೋದರೆ ಮರಳುವ ಖಾತ್ರಿಯಿರಲಿಲ್ಲ. ಗೆಳೆಯನ ಅಂತ್ಯಕ್ರಿಯೆಯನ್ನು ಸುರೇಶ್ ಯಾರದೋ ಮೊಬೈಲ್‌ನಲ್ಲಿ ಕಂಡರು. ನಿರ್ಬಂಧ ನವೆಂಬರ್‌ನಲ್ಲಿ ತೆರವಾಯಿತು. ಅದಾದ ಮೇಲೆ ಊರಿಗೆ ಬಂದಾಗಲೂ ಗೆಳೆಯನ ಮನೆಗೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಲು ಆಗಲಿಲ್ಲ. “ಹೋಗಿ ಏನ್ ಹೇಳಲಿ?” ಎಂದು ನನ್ನನ್ನು ಕೇಳಿದರು.

ಪ್ರಕರಣದ ತಿರುಳು ನನಗೆ ಇಲ್ಲಿ ಸಿಕ್ಕಿತು. ಸುರೇಶ್ ತೀರಿಹೋದ ಗೆಳೆಯನಿಗೆ ಸಲ್ಲಿಸಬೇಕಿದ್ದ ಋಣವನ್ನು ಬದುಕಿರುವ ಗೆಳೆಯರ ಕೈಯಿಂದ ತೀರಿಸಲು ಹೊರಟಿದ್ದರು. ಆ ಕೈಗಳು ಇಪ್ಪತ್ತು ವರ್ಷದಲ್ಲಿ ಮೂಟೆ ಎತ್ತಿವೆ, ಲೆಕ್ಕ ಬರೆದಿವೆ, ಅಪ್ಪ-ಅಮ್ಮನ ಆರೈಕೆ ಮಾಡಿವೆ. ಅದನ್ನು ಅವರು ಗಮನಿಸಲಿಲ್ಲ. ಅಟ್ಟದ ಕೋಣೆಯಲ್ಲಿ ಕೂತಿದ್ದ ಇಬ್ಬರಿಗೂ ಅದೇ ಗೆಳೆಯ ಸತ್ತಿದ್ದ ಎಂಬುದೂ ಹೊಳೆಯಲಿಲ್ಲ. ಅಷ್ಟು ದಿನ ಕೂಡಿ ಹಾಡಿದರೂ ಅವನ ಸಾವಿನ ಬಗ್ಗೆ ಮೂವರೂ ಒಂದು ಮಾತೂ ಆಡಿರಲಿಲ್ಲ.

ಕೂಡಿ ಹಾಡುವುದು ಜನರನ್ನು ಬೇಗ ಹತ್ತಿರ ತರುತ್ತದೆ ಎಂಬುದು ನಿಜ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹಾಡಿನ ತರಗತಿಗೆ ಸೇರಿದವರನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಯವರೊಂದಿಗೆ ಏಳು ತಿಂಗಳು ಹೋಲಿಸಿ ನೋಡಿತ್ತು. ಹಾಡುವವರ ನಡುವೆ ಆಪ್ತತೆ ಮೊದಲೇ ಬೆಳೆಯಿತು. ಕೊನೆಗೆ ಎಲ್ಲ ಗುಂಪುಗಳೂ ಸರಿಸಮ ಬಂದವು. ರಜೆಗೆ ಬಂದು ಹೋಗುವವರು ಇದನ್ನು ನೆನಪಿಡಬೇಕೆಂಬುದು ನನ್ನ ಅಭಿಪ್ರಾಯ. ಒಂದು ವಾರ ಜೊತೆಗೆ ಹಾಡಿದಾಗ ಎಲ್ಲವೂ ಹಿಂದಿನಂತೆಯೇ ಇದೆ ಅನಿಸುತ್ತದೆ. ಆ ಸಲುಗೆಯನ್ನು ನಂಬಿ, ಕೇಳಬೇಕಾದದ್ದನ್ನು ಕೇಳದೆ ಮುಂದುವರಿಯುತ್ತೇವೆ.

ಸುರೇಶ್‌ಗೆ ಮೊದಲು ಹೇಳಿದ್ದು: ಹಾಡನ್ನು ಇವತ್ತೇ ಯೂಟ್ಯೂಬ್‌ನಲ್ಲಿ ಖಾಸಗಿ ಮಾಡಿ, ಅಳಿಸಬೇಡಿ. ಅಳಿಸಿದರೆ ಗೆಳೆಯನಿಗೆ ಅದು ಸಿಟ್ಟಿನಂತೆ ಕಾಣುತ್ತದೆ. ಆಮೇಲೆ ತಬಲಾದವರಿಗೆ ಫೋನ್ ಮಾಡಿ, ಗುಂಪಿನಲ್ಲಿ ಬರೆಯಬೇಡಿ. ಅಂಗಡಿ ಮುಚ್ಚಿದ ಮೇಲಿನ ಹೊತ್ತು ನೋಡಿ ಮಾಡಿ. ಮಾಡಿದ್ದನ್ನು ನೇರ ಹೇಳಿ: ನಿನ್ನನ್ನು ಕೇಳದೆ ನಿನ್ನ ತಬಲಾ ತೆಗೆದೆ, ತಪ್ಪಾಯಿತು. ಲಯ, ಸ್ಟುಡಿಯೊ, ಒಳ್ಳೆಯ ಉದ್ದೇಶ ಯಾವುದನ್ನೂ ಅದಕ್ಕೆ ಸೇರಿಸಬೇಡಿ. ಕಾರಣ ಕೊಡಲು ಹೊರಟರೆ ಕ್ಷಮೆ ಕೇಳಿದ ಹಾಗಾಗುವುದಿಲ್ಲ. ಅವರು ಬೈದರೆ ಬೈಸಿಕೊಳ್ಳಿ, ಸುಮ್ಮನಿದ್ದರೆ ನೀವೂ ತುಸು ಸುಮ್ಮನಿರಿ.

ಎಲ್ಲ ರೆಕಾರ್ಡಿಂಗ್‌ಗಳನ್ನೂ ಏನೂ ತಿದ್ದದೆ, ಕುಕ್ಕರ್ ಸೀಟಿ ಸಮೇತ, ಇಬ್ಬರಿಗೂ ಕಳಿಸಲು ಹೇಳಿದೆ. ಅಟ್ಟದ ಕೋಣೆಯಲ್ಲಿ ಆದದ್ದು ಮೂವರ ಸ್ವತ್ತು. ಒಬ್ಬರ ಲ್ಯಾಪ್‌ಟಾಪ್‌ನಲ್ಲಷ್ಟೇ ಇರುವುದು ಸಲ್ಲದು. ಇದರಲ್ಲಿ ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪದಕ್ಕೆ, ರಾಗಸಂಯೋಜನೆಗೆ, ಧ್ವನಿಮುದ್ರಣಕ್ಕೆ ಬೇರೆ ಬೇರೆ ಹಕ್ಕು. ಬಾರಿಸಿದವರಿಗೂ ಹಾಡಿದವರಿಗೂ ಕಲಾವಿದರ ಹಕ್ಕು ಪ್ರತ್ಯೇಕವಾಗಿದೆ. ಬರೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಪದದ ಹಕ್ಕು ಅವರ ವಾರಸುದಾರರದು, ಎಲ್ಲೂ ನೋಂದಾಯಿಸದಿದ್ದರೂ. ಸುರೇಶ್ ಯೂಟ್ಯೂಬ್‌ನಲ್ಲಿ ಗೆಳೆಯನ ಹೆಸರು ಹಾಕಿದ್ದರು, ಆದರೆ ಅವರ ಮನೆಯವರನ್ನು ಕೇಳಿರಲಿಲ್ಲ.

ಆ ಮನೆಗೆ ಫೋನ್ ಮಾಡುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಅದಕ್ಕಾಗಿ ಒಂದು ಭೇಟಿಯನ್ನೇ ಮೀಸಲಿಟ್ಟೆವು. ಒಪ್ಪಿಗೆ ಕೇಳುವುದರಿಂದ ಶುರು ಮಾಡಬೇಡಿ ಎಂದೆ. ಆಗ ಬರಲಾಗಲಿಲ್ಲ, ಆಮೇಲೆ ಬರಲು ಧೈರ್ಯವಾಗಲಿಲ್ಲ, ಅಷ್ಟನ್ನೇ ಹೇಳಿ. ಅವರು ಅತ್ತರೆ ಮಾತು ಬದಲಿಸಿ ಸಮಾಧಾನ ಮಾಡಲು ಹೋಗಬೇಡಿ. ಹಾಡಿನ ಮಾತು ಆ ದಿನವೇ ಬರಬೇಕೆಂದೂ ಇಲ್ಲ. ಬಂದು ಅವರು ಬೇಡವೆಂದರೆ ಅಲ್ಲಿಗೆ ಬಿಡಿ.

ಗೆಳೆಯನ ಬಗ್ಗೆ ಉಳಿದಿಬ್ಬರ ಜೊತೆ ಮಾತಾಡಿ ಎಂದೂ ಹೇಳಿದೆ. ಗಂಡಸರು ಇದಕ್ಕೆ ಬಹಳ ಹಿಂಜರಿಯುತ್ತಾರೆ. ತಬಲಾ, ಕ್ರಿಕೆಟ್, ಮಳೆ-ಬೆಳೆ ಎಲ್ಲ ಮಾತಾಡಿ ಎದ್ದು ಹೋಗುತ್ತಾರೆ. ಅಂತ್ಯಕ್ರಿಯೆಯ ದಿನ ಅಲ್ಲಿ ನಿಂತಿದ್ದವರು ಇವರಿಬ್ಬರೇ. ಅಂದು ಏನೇನಾಯಿತೆಂದು ಸುರೇಶ್ ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಈಗಲಾದರೂ ಕೇಳಿ ಎಂದೆ.

ಸುರೇಶ್ ಒಂದೊಂದೇ ಮಾಡಿದರು. ತಬಲಾದವರು ಪೂರ್ತಿ ಕೇಳಿಸಿಕೊಂಡು “ಇರಲಿ ಬಿಡು” ಎಂದರಂತೆ. ಅದು ಕ್ಷಮಿಸಿದ ಮಾತಲ್ಲ, ಅವಸರ ಮಾಡಬೇಡಿ ಎಂದು ನಾನು ಎಚ್ಚರಿಸಿದೆ. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿ ಅಂತ್ಯಕ್ರಿಯೆಯ ದಿನದ ಕತೆಯನ್ನೆಲ್ಲ ಹೇಳಿದರು. ಪೊಲೀಸರು ತಡೆದದ್ದು, ಹೆಗಲು ಕೊಡಲು ಬಿಡದಿದ್ದದ್ದು, ದೂರದಲ್ಲಿ ಬೈಕಿನ ಮೇಲೆ ಕೂತು ನೋಡಿದ್ದು. ಸುರೇಶ್‌ಗೆ ಅಂದು ತಾವೊಬ್ಬರೇ ದೂರವಿದ್ದವರಲ್ಲ ಎಂದು ತಿಳಿಯಿತು.

ಗೆಳೆಯನ ಹೆಂಡತಿಯನ್ನು ಸುರೇಶ್ ವೈನಿ (ಅತ್ತಿಗೆ) ಎಂದೇ ಕರೆಯುವುದು. ಅವರು ಹಾಡು ತರಿಸಿಕೊಂಡು ಕೇಳಿದರು. “ನೀವು ಇಟ್ಗೋರಿ, ಹಾಡ್ರಿ. ಮಂದಿಗೆ ಸದ್ಯ ಬ್ಯಾಡ, ಮಗಳಿಗೆ ಮನಸಿಲ್ಲ” ಎಂದರು. ಸುರೇಶ್‌ಗೆ ಇದು ನೋವಾಗಿದೆ, ಅದರ ಬಗ್ಗೆ ನಾವು ಇನ್ನೂ ಮಾತಾಡುತ್ತಿದ್ದೇವೆ. ಮಗಳು ಹೇಳಿದ್ದು ಸರಿಯೆಂದೇ ನನ್ನ ಎಣಿಕೆ. ತಂದೆಯ ಪದಗಳನ್ನು ಯಾವಾಗ, ಯಾರಿಗೆ ಕೊಡಬೇಕೆಂಬುದು ಅವಳು ತೀರ್ಮಾನಿಸುವ ವಿಷಯ.

ನಿದ್ದೆ ಈಗ ಬಹುಮಟ್ಟಿಗೆ ಸರಿಹೋಗಿದೆ. ಗುಂಪಿನಲ್ಲಿ ತಬಲಾದವರು ಇನ್ನೂ ಏನೂ ಬರೆಯುವುದಿಲ್ಲ, ಫೋನ್ ಮಾತ್ರ ಎತ್ತುತ್ತಾರೆ. ಮುಂದಿನ ಸಲ ಯಾವಾಗ ಬರಲೆಂದು ಸುರೇಶ್ ಈ ಬಾರಿ ಮಕ್ಕಳ ಶಾಲೆಯ ರಜೆ ನೋಡುವ ಮೊದಲು ಅವರನ್ನೇ ಕೇಳಿದ್ದಾರೆ. ಹಿಂಗಾರಿ ಬಿತ್ತನೆ ಮುಗಿದು ಅಂಗಡಿ ಖಾಲಿಯಿರುವ ಡಿಸೆಂಬರ್ ಆದೀತು, ಆದರೆ ಪಟ್ಟಿ ಇಳಿಸಬೇಕು ಎಂದಿದ್ದಾರೆ ಅವರು. ಸುರೇಶ್ ಒಪ್ಪಿದ್ದಾರೆ.