ಕಡಲೆ ಬೆಳೆದ ಹೊಲದಲ್ಲಿ ಜೋಳ ಏಕೆ ಹುಲುಸು?

ಪ್ರಶ್ನೆ: ಕಳೆದ ಹಿಂಗಾರಿನಲ್ಲಿ ಕಡಲೆ ಬೆಳೆದ ಎರೆಹೊಲದಲ್ಲಿ ಈ ಸಲದ ಬಿಳಿಜೋಳವು ಯೂರಿಯಾ ಕೊಡದಿದ್ದರೂ ಪಕ್ಕದ ಹೊಲದ್ದಕ್ಕಿಂತ ಹಸಿರಾಗಿದೆ. ಕಾರಣವೇನು?
— ಓರ್ವ ರೈತ, ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಬೆಳೆಯನ್ನು ಹಸಿರಾಗಿಸುವುದು ಸಾರಜನಕ; ಯೂರಿಯಾ ಕೊಡುವುದೂ ಅದನ್ನೇ. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಯಾವ ಬೆಳೆಯೂ ಅದನ್ನು ನೇರವಾಗಿ ಬಳಸಿಕೊಳ್ಳಲಾರದು. ಕಡಲೆಯ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕಗಳನ್ನು ಸ್ರವಿಸಿ ಮಣ್ಣಿನಲ್ಲಿರುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳನ್ನು ಕರೆಯುತ್ತದೆ. ಅವು ಬೇರಿನೊಳಗೆ ಸೇರಿ ಗಂಟು ಕಟ್ಟಿಸಿ, ಗಿಡ ಕೊಡುವ ಆಹಾರಕ್ಕೆ ಪ್ರತಿಯಾಗಿ ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿ ಪರಿವರ್ತಿಸುತ್ತವೆ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಅಗೆದು, ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಅದು ದುಡಿಯುತ್ತಿದೆ, ಬೂದು ಅಥವಾ ಹಸಿರಾಗಿದ್ದರೆ ಕೆಲಸ ನಿಂತಿದೆ. ಈ ಸಾರಜನಕದ ದೊಡ್ಡ ಪಾಲು ಕಾಳಿನೊಡನೆ ಹೊಲ ದಾಟಿಹೋಗುತ್ತದೆ. ಹೊಲದಲ್ಲುಳಿದ ಬೇರು, ಉದುರಿದ ಎಲೆ ಕೊಳೆತಾಗಲೇ ಜೋಳಕ್ಕೆ ಪಾಲು ಸಿಗುವುದರಿಂದ ಅವನ್ನು ದಯವಿಟ್ಟು ಸುಡಬೇಡಿರೆಂದು ಕೈಮುಗಿದು ಕೇಳುತ್ತೇನೆ. ಕಡಲೆಯು ಮಣ್ಣಿನ ನೈಟ್ರೇಟನ್ನು (ಬೇರು ಹೀರುವ ಸಾರಜನಕದ ಒಂದು ರೂಪ) ಕಡಿಮೆ ಬಳಸಿ ಉಳಿಸಿದ್ದೂ ಒಂದು ಕಾರಣ.

ಜೋಳದ ಬೇರೂ ಸುಮ್ಮನಿರುವುದಿಲ್ಲ. ಅದರ ಬೇರುರೋಮಗಳು ಒಸರುವ ಸೋರ್ಗೋಲಿಯೋನ್ ಎಂಬ ವಸ್ತುವು, ಅಮೋನಿಯಂ ಅನ್ನು (ಮಣ್ಣಿನಲ್ಲಿ ಅಮೋನಿಯಾ ತಾಳುವ ರೂಪ) ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ನೈಟ್ರೇಟ್ ನೀರಿನೊಡನೆ ಬಸಿದುಹೋಗುತ್ತದೆ; ಅಮೋನಿಯಂ ಎರೆಮಣ್ಣಿನ ಕಣಗಳಿಗೆ ಅಂಟಿಕೊಂಡು ಬೇರಿಗೆ ನಿಲುಕುವಂತೆ ಉಳಿಯುತ್ತದೆ.